ಕಾಫಿ ಅಂಗಡಿಗೆ ‘ನೋಟಿಸ್’: ತಪಾಸಣೆಯ ಫಲಿತಾಂಶವನ್ನು ಓದುವುದು ಹೇಗೆ?

ಬೆಂಗಳೂರಿನ ಹೋಟೆಲುಗಳಲ್ಲಿ ಆಹಾರ ಸುರಕ್ಷತಾ ಅಧಿಕಾರಿಗಳ ತಪಾಸಣೆ ಎಂಬ ಸುದ್ದಿ ಈಚೆಗೆ ಆಗಾಗ ಬರುತ್ತಿದೆ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯ ಕೃತಕ ಬಣ್ಣ ಸುದ್ದಿಯಾಯಿತು. 2025ರ ಫೆಬ್ರುವರಿಯಲ್ಲಿ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದು ಸುದ್ದಿಯಾಯಿತು. ಆ ಎರಡರಲ್ಲೂ ತಪ್ಪೇನು ಎಂಬುದು ಓದಿದ ಕೂಡಲೇ ತಿಳಿಯುತ್ತಿತ್ತು. ಕಾಫಿ ಅಂಗಡಿಯ ಸುದ್ದಿ ಅಷ್ಟು ನೇರವಲ್ಲ. ‘ಸ್ವಚ್ಛತೆ ಇಲ್ಲ, ನೋಟಿಸ್ ಜಾರಿ’ ಎಂದೋ ‘ಹಾಲಿನ ಮಾದರಿ ಫೇಲ್’ ಎಂದೋ ಒಂದು ಸಾಲು ಬರುತ್ತದೆ. ಮರುದಿನ ಬೆಳಿಗ್ಗೆ ಆರಕ್ಕೆ ಅದೇ ಅಂಗಡಿಯ ಷಟರ್ ಎಂದಿನಂತೆ ಮೇಲೇರುತ್ತದೆ. ಒಳಗೆ ಗೋಡೆಯ ಮೇಲೆ ನಗುಮುಖಗಳಿರುವ ಹೈಜೀನ್ ರೇಟಿಂಗ್ ಪತ್ರವೂ ತೂಗುತ್ತಿರುತ್ತದೆ. ಇದರಲ್ಲಿ ಯಾವುದನ್ನು ನಂಬುವುದು ಎಂದು ಗ್ರಾಹಕ ಕೇಳುವುದು ಸಹಜ.

ಈ ಗೊಂದಲಕ್ಕೆ ಮುಖ್ಯ ಕಾರಣ ಒಂದೇ. ಬೇರೆ ಬೇರೆ ಕಡೆಯಿಂದ, ಬೇರೆ ಬೇರೆ ಉದ್ದೇಶಕ್ಕೆ ಬರುವ ಮೂರು ಕಾಗದಗಳನ್ನು ನಾವು ‘ತಪಾಸಣೆಯ ಫಲಿತಾಂಶ’ ಎಂಬ ಒಂದೇ ಹೆಸರಿನಿಂದ ಕರೆಯುತ್ತಿದ್ದೇವೆ.

ಮೂರು ಕಾಗದ, ಮೂರು ಅರ್ಥ

ಮೊದಲನೆಯದು ಸ್ಥಳ ತಪಾಸಣೆಯ ಪಟ್ಟಿ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿ ಅಂಗಡಿಗೆ ಬಂದು ಇದನ್ನು ತುಂಬುತ್ತಾರೆ. ಎರಡನೆಯದು ಪ್ರಯೋಗಾಲಯದ ವರದಿ. ಅಂಗಡಿಯಿಂದ ತೆಗೆದ ಹಾಲು, ಕಾಫಿಪುಡಿ ಅಥವಾ ತಿಂಡಿಯ ಮಾದರಿಯ ಬಗ್ಗೆ ಆಹಾರ ವಿಶ್ಲೇಷಕರು ಕೊಡುವ ಅಭಿಪ್ರಾಯ ಅದು. ಮೂರನೆಯದು ಎಫ್‌ಎಸ್‌ಎಸ್‌ಎಐ (ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ) ಹೈಜೀನ್ ರೇಟಿಂಗ್, ಒಂದರಿಂದ ಐದರವರೆಗಿನ ನಗುಮುಖಗಳು. ಈ ರೇಟಿಂಗಿಗೆ ಅಂಗಡಿಯವರೇ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಮಾನ್ಯತೆ ಪಡೆದ ಖಾಸಗಿ ಸಂಸ್ಥೆಯಿಂದ ಪರಿಶೀಲನೆ ಮಾಡಿಸಿಕೊಳ್ಳುತ್ತಾರೆ. ಪರಿಶೀಲಕರು ಬರುವುದು ಮೊದಲೇ ಗೊತ್ತಿರುತ್ತದೆ. ಆದ್ದರಿಂದ ‘ಮನಸ್ಸು ಮಾಡಿದರೆ ಈ ಅಂಗಡಿ ಇಷ್ಟು ಚೆನ್ನಾಗಿ ನಡೆಯಬಲ್ಲದು’ ಎಂಬುದಕ್ಕೆ ಅದು ಸಾಕ್ಷಿ. ಇವತ್ತು ಮಧ್ಯಾಹ್ನ ಮೂರು ಗಂಟೆಗೆ ಹೇಗಿದೆ ಎಂಬುದಕ್ಕೆ ಅಲ್ಲ.

ಇಷ್ಟೇ ಆಗಿದ್ದರೂ ನಿಭಾಯಿಸಬಹುದಿತ್ತು. ಇದರ ಮೇಲೆ ಪಾಲಿಕೆಯ ಆರೋಗ್ಯ ವಿಭಾಗವೂ ಬರುತ್ತದೆ. ಟ್ರೇಡ್ ಲೈಸೆನ್ಸ್, ಕಸ ವಿಂಗಡಣೆ, ಚರಂಡಿ, ನಿಷೇಧಿತ ಪ್ಲಾಸ್ಟಿಕ್ ಇವೆಲ್ಲ ಅವರ ಕೈಯಲ್ಲಿವೆ. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿವೆ. ಪಾಲಿಕೆಯವರು ಕಸದ ವಿಚಾರಕ್ಕೆ ದಂಡ ಹಾಕಿದ್ದನ್ನೂ ಪತ್ರಿಕೆಗಳು ‘ಆರೋಗ್ಯಾಧಿಕಾರಿಗಳ ದಾಳಿ’ ಎಂದೇ ಬರೆಯುತ್ತವೆ. ಹಾಗಾಗಿ ಇಂಥ ಸುದ್ದಿ ಓದುವಾಗ ಮೊದಲು ನೋಡಬೇಕಾದದ್ದು ನೋಟಿಸ್ ಕೊಟ್ಟವರು ಯಾರು, ಯಾವ ಕಾನೂನಿನಡಿ ಎಂಬುದನ್ನು.

114ರಲ್ಲಿ 110 ಬಂದರೂ ಅನುತ್ತೀರ್ಣ

ಹೋಟೆಲ್ ಮತ್ತು ಕೇಟರಿಂಗ್‌ಗೆ ಎಫ್‌ಎಸ್‌ಎಸ್‌ಎಐ ರೂಪಿಸಿರುವ ತಪಾಸಣಾ ಪಟ್ಟಿಯ ಒಟ್ಟು ಅಂಕ 114. ಬಹುತೇಕ ಪ್ರಶ್ನೆಗಳಿಗೆ ಎರಡೆರಡು ಅಂಕ, ನಕ್ಷತ್ರ ಗುರುತಿರುವ ಕೆಲವಕ್ಕೆ ನಾಲ್ಕು. ನಕ್ಷತ್ರದ ಪ್ರಶ್ನೆಗಳಲ್ಲಿ ಒಂದು ತಪ್ಪಿದರೂ, ಉಳಿದದ್ದೆಲ್ಲ ಸರಿಯಿದ್ದರೂ, ಇಡೀ ಅಂಗಡಿ ‘ನಿಯಮ ಪಾಲಿಸಿಲ್ಲ’ ಎಂಬ ಪಟ್ಟಿಗೆ ಸೇರುತ್ತದೆ. ಕುಡಿಯಲು ಯೋಗ್ಯವಾದ ನೀರು, ಬೇಯಿಸುವ ಉಷ್ಣತೆ, ಇಲಿ-ಜಿರಳೆಯ ಸುಳಿವು ಇಲ್ಲದಿರುವುದು ಈ ಗುಂಪಿನಲ್ಲಿವೆ.

ಇದರಿಂದ ಎರಡು ವಿಚಿತ್ರಗಳು ಹುಟ್ಟುತ್ತವೆ. ಮಿರಮಿರ ಮಿಂಚುವ ಅಂಗಡಿಯೊಂದು ನೀರಿನ ಪರೀಕ್ಷಾ ವರದಿ ಇಟ್ಟುಕೊಂಡಿಲ್ಲ ಎಂಬ ಒಂದೇ ಕಾರಣಕ್ಕೆ 114ಕ್ಕೆ 110 ಪಡೆದೂ ಅನುತ್ತೀರ್ಣವಾಗಬಹುದು. ಗೋಡೆಯ ಬಣ್ಣ ಉದುರಿ, ಕಸದ ಬುಟ್ಟಿಗೆ ಮುಚ್ಚಳವಿಲ್ಲದೆ, ಬಲ್ಬಿಗೆ ಕವಚವಿಲ್ಲದೆ ಇನ್ನೊಂದು ಅಂಗಡಿ ಅದಕ್ಕಿಂತ ಹೆಚ್ಚು ಅಂಕ ಕಳೆದುಕೊಂಡೂ ‘ಸುಧಾರಣೆ ಬೇಕು’ ಎಂಬಲ್ಲಿಗೆ ನಿಲ್ಲಬಹುದು. ಅಂಕದ ಮೊತ್ತ ನೋಡಿ ಎರಡನ್ನು ಹೋಲಿಸಲು ಹೋದರೆ ಲೆಕ್ಕ ತಪ್ಪುತ್ತದೆ. ಯಾವ ಸಾಲು ತಪ್ಪಿತು ಎಂಬುದೇ ಇಲ್ಲಿ ಮುಖ್ಯ.

ನೀರಿನ ವಿಷಯವನ್ನೇ ತೆಗೆದುಕೊಳ್ಳಿ. ಆಹಾರಕ್ಕೂ ಪಾತ್ರೆಗೂ ಬಳಸುವ ನೀರು ಕುಡಿಯುವ ನೀರಿಗಿರುವ ಐಎಸ್ 10500 ಮಾನದಂಡಕ್ಕೆ ಹೊಂದಬೇಕು, ಆರು ತಿಂಗಳಿಗೊಮ್ಮೆ ಪರೀಕ್ಷೆಯಾಗಿ ವರದಿ ಕೈಯಲ್ಲಿರಬೇಕು. ‘ಕಾಫಿಗೆ ನೀರು ಕುದಿಸುತ್ತೇವಲ್ಲ, ಪರೀಕ್ಷೆ ಯಾಕೆ?’ ಎಂಬ ಪ್ರಶ್ನೆ ಅಂಗಡಿಯವರಿಂದ ಬರುತ್ತದೆ. ಡಿಕಾಕ್ಷನ್ನಿಗೆ ಹಾಕುವ ನೀರು ಕುದಿಯುತ್ತದೆ, ನಿಜ. ಲೋಟ ತೊಳೆಯುವ ನೀರು ಕುದಿಯುವುದಿಲ್ಲ. ಟ್ಯಾಂಕರ್ ನೀರು ತುಂಬಿದ, ವರ್ಷಗಟ್ಟಲೆ ತೊಳೆಯದ ಸಿಂಟೆಕ್ಸ್ ಟ್ಯಾಂಕಿನಿಂದ ಬರುವ ಆ ನೀರು ಲೋಟದ ಅಂಚಿನಲ್ಲಿ ಉಳಿದು ನೇರ ತುಟಿಗೆ ತಾಗುತ್ತದೆ.

ಕೌಂಟರಿನ ಹಿಂದೆ ಅಧಿಕಾರಿ ಏನು ನೋಡುತ್ತಾರೆ?

ಕಾಫಿ ಅಂಗಡಿಯಲ್ಲಿ ಅಪಾಯವಿರುವುದು ಕಾಫಿಯಲ್ಲಿ ಅಲ್ಲ, ಹಾಲಿನಲ್ಲಿ. ಬೆಳಿಗ್ಗೆ ಇಳಿಸಿದ ಡಿಕಾಕ್ಷನ್ ಸಂಜೆಗೆ ಕಹಿಯಾಗಿ ರುಚಿ ಕೆಡಬಹುದು, ಆದರೆ ರೋಗಾಣುಗಳಿಗೆ ಅದರಲ್ಲಿ ಪೋಷಕಾಂಶ ಕಡಿಮೆ. ಹಾಲು ಹಾಗಲ್ಲ.

ದರ್ಶಿನಿಯ ಕೌಂಟರಿನಲ್ಲಿ ಸಾಮಾನ್ಯವಾಗಿ ಕಾಣುವುದು ಇದು: ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಹಾಲು ಕಾದಿರುತ್ತದೆ, ಗಿರಾಕಿಗಳ ನೂಕುನುಗ್ಗಲು ಇಳಿದಾಗ ಒಲೆ ಆರಿಸುತ್ತಾರೆ. ಹಾಲು ನಿಧಾನಕ್ಕೆ ಉಗುರುಬೆಚ್ಚಗಾಗುತ್ತದೆ. ಒಂದೂವರೆ-ಎರಡು ಗಂಟೆ ಬಿಟ್ಟು ಮತ್ತೆ ಜನ ಸೇರಿದಾಗ ಅದಕ್ಕೇ ಹೊಸ ಪ್ಯಾಕೆಟ್ ಒಡೆದು ಸುರಿದು ಮತ್ತೆ ಕಾಯಿಸುತ್ತಾರೆ. ಕುದಿಸಿದರೆ ಎಲ್ಲ ಸಾಯುತ್ತದೆ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಬ್ಯಾಸಿಲಸ್ ಸೀರಿಯಸ್‌ನಂಥ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯನ್ನು ತಡೆದುಕೊಂಡು ಉಳಿಯುತ್ತವೆ. ಹಾಲು ಬೆಚ್ಚಗೆ ನಿಂತಾಗ ಮೊಳೆತು ಸಂಖ್ಯೆ ಬೆಳೆಸುತ್ತವೆ. ಅದರ ವಾಂತಿಕಾರಕ ವಿಷವಾಗಲಿ, ಕೈಯಿಂದ ಸೇರುವ ಸ್ಟ್ಯಾಫಿಲೋಕಾಕಸ್‌ನ ವಿಷವಾಗಲಿ ಒಮ್ಮೆ ಹಾಲಿನಲ್ಲಿ ಬಂತೆಂದರೆ ಮತ್ತೆ ಎಷ್ಟು ಕಾಯಿಸಿದರೂ ಹೋಗುವುದಿಲ್ಲ. ಅದಕ್ಕೇ ಪಟ್ಟಿ ಕೇಳುವುದು ಹಾಲು ಕುದಿಸಿದಿರಾ ಎಂದಷ್ಟೇ ಅಲ್ಲ, ಕುದಿಸಿದ ಮೇಲೆ ಎಷ್ಟು ಬಿಸಿಯಲ್ಲಿ ಇಟ್ಟಿರಿ ಎಂದು. ಬಿಸಿಯಾಗಿ ಬಡಿಸುವುದು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು, ತಣ್ಣಗಿನದು 5 ಡಿಗ್ರಿ ಅಥವಾ ಕೆಳಗೆ. ಉಳಿದದ್ದನ್ನು ಫ್ರಿಜ್ಜಿಗೆ ಇಡುವುದಾದರೆ 60ರಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಇನ್ನೆರಡು ಗಂಟೆಯೊಳಗೆ ಇಳಿಯಬೇಕು. ಹತ್ತು ಲೀಟರ್ ಪಾತ್ರೆಯನ್ನು ಹಾಗೇ ಫ್ರಿಜ್ಜಿನಲ್ಲಿಟ್ಟರೆ ಇದು ಆಗದು. ಆಳ ಕಡಿಮೆಯಿರುವ ತಟ್ಟೆಗಳಿಗೆ ಸುರಿದು, ಐಸ್ ನೀರಿನ ಮೇಲಿಟ್ಟು ತಣಿಸಬೇಕು. ನಿಜವಾದ ಪರಿಹಾರ ಇನ್ನೂ ಸರಳ: ಚಿಕ್ಕ ಪಾತ್ರೆಯಲ್ಲಿ, ಒಂದು ಗಂಟೆಗೆ ಸಾಕಾಗುವಷ್ಟೇ ಕಾಯಿಸುವುದು, ಖಾಲಿಯಾದ ಮೇಲೆ ಬೇರೆ ತೊಳೆದ ಪಾತ್ರೆ ಹಿಡಿಯುವುದು.

ಫ್ರಿಜ್ಜಿನ ಬಾಗಿಲ ಮೇಲಿನ ಅಂಕಿಯನ್ನು ಅನುಭವಿ ಅಧಿಕಾರಿ ನಂಬುವುದಿಲ್ಲ. ಕೌಂಟರಿನ ಕೆಳಗಿನ ಫ್ರಿಜ್ ದಿನಕ್ಕೆ ನೂರಾರು ಸಲ ತೆರೆದು ಮುಚ್ಚುತ್ತದೆ. ಹೊರಗೆ 4 ತೋರಿಸುತ್ತಿದ್ದರೂ ಬಾಗಿಲ ಬದಿಯ ಪ್ಯಾಕೆಟ್ಟಿನ ಹಾಲು 9 ಇರಬಹುದು. ಪ್ರೋಬ್ ಥರ್ಮಾಮೀಟರನ್ನು ಹಾಲಿಗೇ ಅದ್ದಿ ನೋಡಿದಾಗ ಮಾತ್ರ ನಿಜ ತಿಳಿಯುತ್ತದೆ. ಅಂಗಡಿಯವರ ಥರ್ಮಾಮೀಟರ್ ಸರಿಯಿದೆಯೇ ಎಂದು ನೋಡಲು ಐಸ್ ನೀರೇ ಉತ್ತಮ, ಅದು 0 ತೋರಿಸಬೇಕು. ಕುದಿಯುವ ನೀರಿನಲ್ಲಿ ನೋಡುವವರು ಒಂದು ಮಾತು ನೆನಪಿಡಬೇಕು: ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. 100 ತೋರಿಸದ ಥರ್ಮಾಮೀಟರ್ ಕೆಟ್ಟಿದೆ ಎಂದು ಬಿಸಾಡುವುದು ತಪ್ಪು.

ಎಸ್‌ಪ್ರೆಸೊ ಯಂತ್ರವಿರುವ ಕೆಫೆಗಳಲ್ಲಿ ಸಮಸ್ಯೆಯ ಜಾಗವೇ ಬೇರೆ. ಹಾಲು ನೊರೆಯೇಳಿಸುವ ಸ್ಟೀಮ್ ಕೊಳವೆಯನ್ನು ಮುಚ್ಚಿದ ಕ್ಷಣ ಒಳಗೆ ನಿರ್ವಾತ ಉಂಟಾಗಿ ಸ್ವಲ್ಪ ಹಾಲು ಕೊಳವೆಯೊಳಕ್ಕೆ ಎಳೆದುಕೊಳ್ಳುತ್ತದೆ. ಪ್ರತಿ ಸಲ ಬಳಸುವ ಮೊದಲೂ ನಂತರವೂ ಒಂದೆರಡು ಸೆಕೆಂಡು ಹಬೆ ಬಿಟ್ಟು, ಅದಕ್ಕೆಂದೇ ಇಟ್ಟ ಒದ್ದೆ ಬಟ್ಟೆಯಿಂದ ಒರೆಸಬೇಕು. ರಾತ್ರಿ ತುದಿಯನ್ನು ಬಿಚ್ಚಿ ನೆನೆಹಾಕಬೇಕು. ಇದು ತಪ್ಪಿದರೆ ತುದಿಯ ರಂಧ್ರಗಳಲ್ಲಿ ಕಂದು ಪದರ ಕಟ್ಟುತ್ತದೆ. ಅಧಿಕಾರಿಗೆ ಅದು ಕಣ್ಣಿಗೇ ಕಾಣುತ್ತದೆ, ಯಾವ ಲ್ಯಾಬೂ ಬೇಡ. ಜಗ್‌ನಲ್ಲಿ ಉಳಿದ ಹಾಲಿಗೆ ಹೊಸ ಹಾಲು ಸೇರಿಸಿ ಮತ್ತೆ ಸ್ಟೀಮ್ ಮಾಡುವುದು ದರ್ಶಿನಿಯ ದೊಡ್ಡ ಪಾತ್ರೆಯ ತಪ್ಪಿನದೇ ಚಿಕ್ಕ ರೂಪ.

ಇನ್ನು ಲೋಟಗಳು. ಒಂದೇ ಬಕೆಟ್ ನೀರಿನಲ್ಲಿ ಅದ್ದಿ ಅದ್ದಿ ತೆಗೆಯುವುದು ತೊಳೆಯುವುದಲ್ಲ. ಮೊದಲು ಹರಿಯುವ ನೀರಿನಲ್ಲಿ ಹಾಲಿನ ಜಿಡ್ಡು ತೆಗೆದು, ಸೋಪಿನಲ್ಲಿ ಉಜ್ಜಿ, ಮತ್ತೆ ಜಾಲಿಸಿ, ಕೊನೆಗೆ 77 ಡಿಗ್ರಿಗಿಂತ ಬಿಸಿ ನೀರಿನಲ್ಲಿ ಅರ್ಧ ನಿಮಿಷವಾದರೂ ಮುಳುಗಿಸಬೇಕು, ಇಲ್ಲವೇ ಕ್ಲೋರಿನ್ ದ್ರಾವಣದಲ್ಲಿ ಇಡಬೇಕು. ಜಿಡ್ಡು ಉಳಿದಿದ್ದರೆ ಕ್ಲೋರಿನ್ ಆ ಜಿಡ್ಡಿನ ಮೇಲೇ ಖರ್ಚಾಗಿ ಕೆಲಸ ಮಾಡುವುದಿಲ್ಲ, ಅದಕ್ಕೇ ಈ ಕ್ರಮ. ತೊಳೆದ ಲೋಟವನ್ನು ಬೋರಲು ಹಾಕಿ ತಾನಾಗಿ ಒಣಗಲು ಬಿಡಬೇಕು. ಹೆಗಲ ಮೇಲಿನ ಬಟ್ಟೆಯಿಂದ ಒರೆಸಿದರೆ ಮಾಡಿದ ಅಷ್ಟೂ ಕೆಲಸ ನೀರುಪಾಲು.

ಲ್ಯಾಬ್ ವರದಿಯ ‘ಫೇಲ್’ ಒಂದೇ ಬಗೆಯದಲ್ಲ

ಮಾದರಿ ತೆಗೆದರೆ ಸಾಮಾನ್ಯವಾಗಿ ನಾಲ್ಕು ಭಾಗ ಮಾಡಿ ಸೀಲ್ ಹಾಕುತ್ತಾರೆ. ಒಂದು ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತ ಅಧಿಕಾರಿಗೆ (ಆ ಪ್ರದೇಶದ ಆಹಾರ ಸುರಕ್ಷತೆಯ ಹೊಣೆ ಹೊತ್ತ ಮೇಲಧಿಕಾರಿ). ಅಂಗಡಿಯವರು ಕೇಳಿದರೆ ನಾಲ್ಕನೆಯದು ಮಾನ್ಯತೆ ಪಡೆದ ಇನ್ನೊಂದು ಲ್ಯಾಬಿಗೆ. ವಿಶ್ಲೇಷಕರು 14 ದಿನದಲ್ಲಿ ವರದಿ ಕೊಡಬೇಕು. ಅದನ್ನು ಒಪ್ಪದ ಅಂಗಡಿಯವರಿಗೆ 30 ದಿನದೊಳಗೆ ಅಂಕಿತ ಅಧಿಕಾರಿಯ ಮುಂದೆ ಮೇಲ್ಮನವಿ ಹಾಕುವ ಹಕ್ಕಿದೆ. ಮೇಲ್ಮನವಿ ಒಪ್ಪಿದರೆ ಮಾದರಿ ರೆಫರಲ್ ಲ್ಯಾಬಿಗೆ ಹೋಗುತ್ತದೆ, ಅಲ್ಲಿನ ತೀರ್ಮಾನವೇ ಅಂತಿಮ.

ವರದಿಯಲ್ಲಿ ಬರುವ ಮಾತುಗಳನ್ನು ಬೇರೆ ಬೇರೆಯಾಗಿ ಓದಬೇಕು. ‘ಕಳಪೆ ಗುಣಮಟ್ಟ’ ಅಂದರೆ ಮಾನದಂಡಕ್ಕಿಂತ ಕಡಿಮೆ, ಆದರೆ ತಿಂದವರಿಗೆ ಅಪಾಯ ಎಂದಲ್ಲ. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3, ಕೊಬ್ಬೇತರ ಘನಾಂಶ ಶೇ 8.5 ಇರಬೇಕು. ಹತ್ತು ಲೀಟರಿಗೆ ಒಂದು ಲೀಟರ್ ನೀರು ಸೇರಿಸಿದರೆ ಘನಾಂಶ 7.7ಕ್ಕೆ ಇಳಿಯುತ್ತದೆ, ಮಾದರಿ ಕಳಪೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆಯಿದ್ದರೂ ಹಾಗೆಯೇ. ‘ಮಿಸ್‌ಬ್ರ್ಯಾಂಡೆಡ್’ ಅಂದರೆ ಲೇಬಲ್‌ನ ತಪ್ಪು: ಪೊಟ್ಟಣದ ಮೇಲೆ ಚಿಕೋರಿಯ ಪ್ರಮಾಣ ಬರೆಯದಿರುವುದು, ತಯಾರಿಸಿದ ದಿನಾಂಕ ಇಲ್ಲದಿರುವುದು. ‘ಅಸುರಕ್ಷಿತ’ ಎಂಬ ಮಾತು ಬಂದರೆ ಮಾತ್ರ ಆರೋಗ್ಯಕ್ಕೆ ಹಾನಿ ಎಂದರ್ಥ, ಆಗ ಪ್ರಕರಣ ದಂಡದಲ್ಲಿ ಮುಗಿಯದೆ ನ್ಯಾಯಾಲಯಕ್ಕೆ ಹೋಗುತ್ತದೆ. ಮೂರನ್ನೂ ಕೂಡಿಸಿ ‘ಇಷ್ಟು ಮಾದರಿ ಫೇಲ್’ ಎಂದು ಬರೆಯುವ ಸುದ್ದಿ ಓದುಗರಿಗೆ ಅನ್ಯಾಯ ಮಾಡುತ್ತದೆ.

ಅದರ ಮಗ್ಗುಲಿನದೂ ಒಂದಿದೆ, ಅದು ಹೆಚ್ಚು ಗಂಭೀರ. ‘ಹಾಲಿನ ಮಾದರಿ ಪಾಸ್’ ಎಂದರೆ ಹಾಲು ನಿರಪಾಯ ಎಂದು ತಿಳಿಯುವಂತಿಲ್ಲ. ಕೊಬ್ಬು-ಘನಾಂಶದ ಪರೀಕ್ಷೆಗೆ ಹೋಗುವ ಹಾಲು ಕೆಡದಿರಲೆಂದು ಫಾರ್ಮಲಿನ್ ಹನಿ ಹಾಕುತ್ತಾರೆ. ಫಾರ್ಮಲಿನ್ ಬಿದ್ದ ಹಾಲಿನಲ್ಲಿ ಬ್ಯಾಕ್ಟೀರಿಯಾ ಎಷ್ಟಿತ್ತು ಎಂದು ಆಮೇಲೆ ಹೇಳಲು ಬರುವುದಿಲ್ಲ. ಅದಕ್ಕೆ ಬೇರೆಯಾಗಿ, ಸ್ಟೆರೈಲ್ ಪಾತ್ರೆಯಲ್ಲಿ, ತಣ್ಣಗಿಟ್ಟು ಮಾದರಿ ಸಾಗಿಸಬೇಕು. ಅಂದರೆ ನಾಲ್ಕು ಗಂಟೆ ಬೆಚ್ಚಗೆ ನಿಂತ ಹಾಲು ಘನಾಂಶದ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಅದನ್ನು ಹಿಡಿಯುವುದು ಸ್ಥಳದಲ್ಲಿ ಅದ್ದಿ ನೋಡಿದ ಥರ್ಮಾಮೀಟರ್ ಮಾತ್ರ.

ನೋಟಿಸ್ ಕೊಟ್ಟ ಮೇಲೂ ಬಾಗಿಲು ತೆರೆದಿರುವುದೇಕೆ?

ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಮೊದಲು ಕೊಡುವುದು ಸುಧಾರಣಾ ನೋಟಿಸ್. ಏನು ತಪ್ಪಿದೆ, ಏನು ಸರಿಪಡಿಸಬೇಕು ಎಂದು ಬರೆದು ಕನಿಷ್ಠ 14 ದಿನ ಸಮಯ ಕೊಡಬೇಕು. ಸರಿಪಡಿಸದಿದ್ದರೆ ಪರವಾನಗಿ ಅಮಾನತು, ಆಮೇಲೂ ಬಗ್ಗದಿದ್ದರೆ ರದ್ದು. ಆದ್ದರಿಂದ ನೋಟಿಸ್ ಬಂದ ಮರುದಿನ ಅಂಗಡಿ ತೆರೆದಿರುವುದರಲ್ಲಿ ಕಾನೂನಿನ ಉಲ್ಲಂಘನೆ ಇಲ್ಲ, ಅದಕ್ಕೆ ಲಂಚವೇ ಕಾರಣ ಎಂದು ಊಹಿಸಬೇಕಾಗಿಯೂ ಇಲ್ಲ.

ಆದರೆ ಜನರ ಆರೋಗ್ಯಕ್ಕೆ ತಕ್ಷಣದ ಅಪಾಯವಿದ್ದರೆ ಅಧಿಕಾರಿಗಳ ಕೈ ಕಟ್ಟಿಲ್ಲ. ಕಾರಣವನ್ನು ಬರೆದು ದಾಖಲಿಸಿ ಪರವಾನಗಿಯನ್ನು ಕೂಡಲೇ ಅಮಾನತು ಮಾಡಬಹುದು. 34ನೇ ಸೆಕ್ಷನ್ನಿನಡಿ ತುರ್ತು ನಿಷೇಧದ ನೋಟಿಸ್ ಕೊಟ್ಟು ಆಹಾರ ಸುರಕ್ಷತಾ ಆಯುಕ್ತರಿಂದ ಆದೇಶ ಪಡೆಯಬಹುದು. ಯಾವ ದಾರಿ ಹಿಡಿದರು ಎಂಬುದರಲ್ಲೇ ತಪ್ಪಿನ ತೀವ್ರತೆ ಗೊತ್ತಾಗುತ್ತದೆ.

ದಂಡದ ಲೆಕ್ಕದಲ್ಲಿ ಮಾತ್ರ ಕಾಯ್ದೆಯ ತೂಕ ಸರಿಯಿಲ್ಲ. ಕಳಪೆ ಗುಣಮಟ್ಟದ ಆಹಾರಕ್ಕೆ 5 ಲಕ್ಷ ರೂಪಾಯಿವರೆಗೆ, ತಪ್ಪು ಲೇಬಲ್‌ಗೆ 3 ಲಕ್ಷದವರೆಗೆ ದಂಡವಿದೆ. ಕೊಳಕು ಜಾಗದಲ್ಲಿ ಆಹಾರ ತಯಾರಿಸಿದ್ದಕ್ಕೆ 56ನೇ ಸೆಕ್ಷನ್ನಿನಡಿ ಗರಿಷ್ಠ 1 ಲಕ್ಷ. ಇವನ್ನು ತೀರ್ಮಾನಿಸುವವರು ಅಪರ ಜಿಲ್ಲಾಧಿಕಾರಿಗಿಂತ ಕಡಿಮೆಯಲ್ಲದ ದರ್ಜೆಯ ಅಧಿಕಾರಿ. ಹಾಲಿಗೆ ನೀರು ಸೇರಿಸಿದವನಿಂದ ಗ್ರಾಹಕನ ದುಡ್ಡು ಹೋಗುತ್ತದೆ, ಹಾಲನ್ನು ದಿನವಿಡೀ ಬೆಚ್ಚಗಿಟ್ಟವನಿಂದ ಆರೋಗ್ಯ ಹೋಗುತ್ತದೆ. ಎರಡನೆಯದಕ್ಕೆ ದಂಡದ ಮಿತಿ ಕಡಿಮೆಯಿರುವುದು ಸರಿಪಡಿಸಲೇಬೇಕಾದ ದೋಷ.

ಹೋಟೆಲಿನವರ ವಾದ, ಗ್ರಾಹಕರ ವಾದ

ಹೋಟೆಲ್ ಮಾಲೀಕರ ಆಕ್ಷೇಪಗಳಲ್ಲಿ ಹುರುಳಿದೆ. ಮೇಲ್ಮನವಿಯ ಅವಧಿ ಮುಗಿಯುವ ಮೊದಲೇ ಅಂಗಡಿಯ ಹೆಸರು ಹೊರಬಿದ್ದರೆ, ಕೊನೆಗೆ ರೆಫರಲ್ ಲ್ಯಾಬ್ ಅವರ ಪರ ಹೇಳಿದರೂ ಹೋದ ಹೆಸರು ಬರುವುದಿಲ್ಲ. ಒಂದು ತಿಂಗಳು ಇರುವ ಹುಡುಗ ಮುಂದಿನ ತಿಂಗಳು ಇರುವುದಿಲ್ಲ, 25 ಕೆಲಸಗಾರರಿಗೆ ತರಬೇತಿ ಪಡೆದ ಒಬ್ಬ ಮೇಲ್ವಿಚಾರಕನನ್ನು ಉಳಿಸಿಕೊಳ್ಳುವುದೇ ಕಷ್ಟ. ಕಾಫಿಗೆಂದು ತೆಳುಮಾಡಿದ ಹಾಲನ್ನು ‘ಹಾಲು’ ಎಂದು ಪರೀಕ್ಷಿಸುವುದು ಸರಿಯಲ್ಲ ಎಂಬ ವಾದವೂ ಇದೆ.

ಗ್ರಾಹಕರ ಮಾತು ಚಿಕ್ಕದು: ದುಡ್ಡು ಕೊಟ್ಟು ಕುಡಿಯುವುದು ನಾವು, ಫಲಿತಾಂಶ ನಮಗೇಕೆ ಕಾಣುವುದಿಲ್ಲ? ಅಂಗಡಿ ತಾನಾಗಿ ಪಡೆದ ನಗುಮುಖಗಳು ಗೋಡೆಯ ಮೇಲಿವೆ, ಸರ್ಕಾರದ ಅಧಿಕಾರಿ ತುಂಬಿದ ಪಟ್ಟಿ ಫೈಲಿನಲ್ಲಿದೆ. ಈ ಪ್ರಶ್ನೆಗೆ ಸಮರ್ಪಕ ಉತ್ತರ ಇದುವರೆಗೆ ಬಂದಿಲ್ಲ.

ನ್ಯೂಯಾರ್ಕ್ ನಗರ 2010ರಿಂದ ಹೋಟೆಲುಗಳ ಬಾಗಿಲಿಗೆ ಎ, ಬಿ, ಸಿ ಅಕ್ಷರ ಅಂಟಿಸುತ್ತಿದೆ. ಅಲ್ಲಿ ಅಂಕ ಕಡಿಮೆಯಿದ್ದಷ್ಟೂ ಒಳ್ಳೆಯದು: 13ರವರೆಗೆ ಎ, 14ರಿಂದ 27 ಬಿ, 28 ಅಥವಾ ಅದಕ್ಕಿಂತ ಹೆಚ್ಚಾದರೆ ಸಿ. ಸಾಮಾನ್ಯ ತಪ್ಪಿಗೆ 2ರಿಂದ, ಗಂಭೀರ ತಪ್ಪಿಗೆ 5ರಿಂದ, ನೇರ ಅಪಾಯಕ್ಕೆ 7ರಿಂದ ಅಂಕ ಶುರು. ಮೊದಲ ತಪಾಸಣೆಯಲ್ಲಿ ಎ ಬಾರದವರಿಗೆ ಕೂಡಲೇ ಕೆಟ್ಟ ಅಕ್ಷರ ಅಂಟಿಸದೆ, ಮರುತಪಾಸಣೆ ಮಾಡಿ, ವಿಚಾರಣೆಗೆ ಅವಕಾಶ ಕೊಟ್ಟು, ಅಲ್ಲಿಯವರೆಗೆ ‘ಗ್ರೇಡ್ ಬಾಕಿ’ ಎಂಬ ಹಲಗೆ ಹಾಕಲು ಬಿಡುತ್ತಾರೆ. ಬಿ ಇರುವ ಕೆಫೆ ಎಂದರೆ ಇಲಿಯ ಹಿಕ್ಕೆ ಸಿಕ್ಕಿದ್ದೂ ಇರಬಹುದು, ಹಲವು ಚಿಕ್ಕಪುಟ್ಟ ತಪ್ಪು ಕೂಡಿದ್ದೂ ಇರಬಹುದು, ಅಕ್ಷರವೊಂದರಿಂದ ಇದು ತಿಳಿಯದು. ಆದರೆ ಪ್ರತಿ ತಪಾಸಣೆಯ ಪ್ರತಿ ಸಾಲೂ ಅಲ್ಲಿನ ಆರೋಗ್ಯ ಇಲಾಖೆಯ ಜಾಲತಾಣದಲ್ಲಿ ಸಾರ್ವಜನಿಕವಾಗಿದೆ. ನಮಗೆ ಬೇಕಾದದ್ದು ಸಾಲು ಸಾಲಾಗಿ ಪ್ರಕಟಿಸುವ ಈ ಪದ್ಧತಿ. ಅಕ್ಷರವನ್ನು ನಕಲು ಮಾಡುವ ಆತುರ ಬೇಡ.

ಮುಂದೇನಾಗಬಹುದು?

ಫಲಿತಾಂಶಗಳನ್ನು ಸಾಲು ಸಾಲಾಗಿ ಪ್ರಕಟಿಸಿದರೆ ಮೊದಲು ಬೀಳುವ ಹೊರೆ ಇಲಾಖೆಯ ಮೇಲೆ. ‘ಸರಿಪಡಿಸಿದ್ದೇವೆ, ಬಂದು ನೋಡಿ’ ಎನ್ನುವ ಅಂಗಡಿಗೆ ನಿಗದಿತ ದಿನದೊಳಗೆ ಮರುತಪಾಸಣೆ ಆಗಲೇಬೇಕು. ಸಾವಿರಾರು ಹೋಟೆಲುಗಳ ಊರಿನಲ್ಲಿ ಅಷ್ಟು ಅಧಿಕಾರಿಗಳಿಲ್ಲದೆ ಪ್ರಕಟಣೆ ಮಾತ್ರ ಶುರುವಾದರೆ, ಹಳೆಯ ತಪ್ಪು ತಿಂಗಳುಗಟ್ಟಲೆ ಜಾಲತಾಣದಲ್ಲಿ ಕೂತು ಸರಿಪಡಿಸಿದವರಿಗೂ ಶಿಕ್ಷೆಯಾಗುತ್ತದೆ. ಮರುತಪಾಸಣೆಯನ್ನು ತ್ವರೆ ಮಾಡಿಸಲು ದುಡ್ಡು ಕೇಳುವವರೂ ಹುಟ್ಟಿಕೊಳ್ಳುತ್ತಾರೆ. ಆದ್ದರಿಂದ ನಕ್ಷತ್ರ ಗುರುತಿನ ಸಾಲುಗಳನ್ನಷ್ಟೇ, 14 ದಿನದ ಗಡುವು ಮುಗಿದ ಮೇಲೆ, ಮರುತಪಾಸಣೆಯ ಟಿಪ್ಪಣಿಯ ಜೊತೆಗೇ ಪ್ರಕಟಿಸುವುದರಿಂದ ಆರಂಭಿಸುವುದು ಕಾರ್ಯಸಾಧ್ಯ.

ಅಲ್ಲಿಯವರೆಗೆ ಗ್ರಾಹಕರ ಕೈಯಲ್ಲಿ ಎರಡು ದಾರಿಗಳಿವೆ. ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ, ಅಂಗಡಿಯವರಿಗೆ ಖರೀದಿಯ ಹೊತ್ತಿನಲ್ಲೇ ತಿಳಿಸಿ, ಶುಲ್ಕ ಕಟ್ಟಿ, ಕೊಂಡ ಆಹಾರವನ್ನು ವಿಶ್ಲೇಷಣೆಗೆ ಕೊಡಬಹುದು. ಮಾನದಂಡಕ್ಕೆ ಹೊಂದದಿದ್ದರೆ ಶುಲ್ಕ ವಾಪಸು ಸಿಗುತ್ತದೆ. ಇನ್ನೊಂದು, ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್ ಮೂಲಕ ದೂರು. ಬಿಲ್ಲಿನ ಮೇಲೆ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕೆಂಬ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ. ಆ ಸಂಖ್ಯೆ ಹಾಕಿದರೆ ದೂರು ಸರಿಯಾದ ಅಧಿಕಾರಿಗೆ ತಲುಪುತ್ತದೆ. ‘ಅಂಗಡಿ ಗಲೀಜಾಗಿದೆ’ ಎಂದು ಬರೆದರೆ ಅಧಿಕಾರಿ ಬರುವಷ್ಟರಲ್ಲಿ ನೆಲ ಒರೆಸಿರುತ್ತದೆ. ‘ಮಧ್ಯಾಹ್ನ ಮೂರರ ಹೊತ್ತಿಗೆ ಒಲೆ ಆರಿಸಿದ ಪಾತ್ರೆಯಲ್ಲಿ ಹಾಲು ನಿಂತಿತ್ತು, ನಾಲ್ಕೂವರೆಗೆ ಅದಕ್ಕೇ ಹೊಸ ಹಾಲು ಸುರಿದು ಕಾಯಿಸಿದರು’ ಎಂದು ದಿನಾಂಕದೊಂದಿಗೆ ಬರೆದರೆ, ಯಾವ ಹೊತ್ತಿಗೆ ಬರಬೇಕು, ಥರ್ಮಾಮೀಟರನ್ನು ಎಲ್ಲಿ ಅದ್ದಬೇಕು ಎಂಬುದು ಅವರಿಗೆ ಗೊತ್ತಾಗುತ್ತದೆ.